ಘಾಟಿ ಇಳಿದು ಎಣಿಸಿಕೊಂಡು ಬಂದ ಓಟು

ಊರು ಬಿಡುವ ಮುಂಚೆ

ಪರದೇಶಕ್ಕೆ ಹೋಗಿ ಬಂದವರೆಲ್ಲ ಬರೀತಾರೆ, ನಾನ್ಯಾಕೆ ಬರೀಬಾರದು? ಅವರು ಏರೋಪ್ಲೇನಿನಲ್ಲಿ ಹೋದರು, ನಾನು ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಹೋದೆ, ಅಷ್ಟೇ ವ್ಯತ್ಯಾಸ. ನಮ್ಮ ತಾಳವಾಡಿ ಸೀಮೆಯಿಂದ ದಿಂಬದ ಇಪ್ಪತ್ತೇಳು ತಿರುವು ಇಳಿದರೆ ಅಲ್ಲಿಂದಾಚೆ ಬೇರೆ ದೇಶವೇ. ಡಿಸೆಂಬರ್ ತಿಂಗಳಲ್ಲಿ ಕಂಬಳಿ ಹೊದ್ದುಕೊಂಡು ಇಳಿದವರನ್ನು ನೋಡಿ ಅಲ್ಲಿಯ ಜನ ನಗುತ್ತಾರೆ. ಮೇಲೆ ನಮ್ಮದು ಕನ್ನಡ, ಕೆಳಗೆಲ್ಲ ತಮಿಳು, ನಮ್ಮ ಮಾತು ಬಸ್ ಸ್ಟ್ಯಾಂಡ್ ದಾಟಿದರೆ ನಡೆಯುವುದಿಲ್ಲ. ಎಲ್ಲಾ ಒಂದೇ ಜಿಲ್ಲೆ ಅಂತ ನನಗೆ ನಕ್ಷೆ ತೋರಿಸಬೇಡಿ. ನಕ್ಷೆ ಬರೆದವರು ಆ ಘಾಟಿಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತವರಲ್ಲ.

ನನ್ನ ಹೆಸರು ಪುಟ್ಟಸಿದ್ದಮ್ಮ. ಪಣಕಹಳ್ಳಿಯ ಆಚೆ ಇರುವ ಒಂದು ಊರಿನವಳು. ಹುಟ್ಟಿದ್ದು ಕೂಲಿ ಮಾಡುವವರ ಕೆಳಗಿನ ಕೇರಿಯಲ್ಲಿ, ಮದುವೆಯಾಗಿದ್ದೂ ಅಲ್ಲೇ. ಹತ್ತನೇ ಕ್ಲಾಸು ಫೇಲು, ಆದರೂ ಕನ್ನಡ ತಮಿಳು ಎರಡೂ ಓದುತ್ತೇನೆ. ಆಗ ಬಾಲವಾಡಿಯಲ್ಲಿ ಮಕ್ಕಳಿಗೆ ಮೂಗು ಒರೆಸಿ ಅಕ್ಷರ ಹೇಳಿಕೊಡುವ ಕೆಲಸ ನನ್ನದು.

ನಾನು ಹೇಳುತ್ತಿರುವುದು ಎಂಬತ್ತರ ದಶಕದ ನಡುವಿನ ಒಂದು ಚುನಾವಣೆಯ ಮಾತು. ದೀಪಾವಳಿಯ ಬೆನ್ನಿಗೇ ಬರುವ ಗುಮಟಾಪುರದ ಸಗಣಿ ಹಬ್ಬ ಮುಗಿದು ತಿಂಗಳು ಕಳೆದಿತ್ತು, ಹೊಲದಲ್ಲಿ ರಾಗಿ ತೆನೆ ಬಾಗಿತ್ತು. ನಮ್ಮೂರ ಯಜಮಾನರು ಶಿವಮಲ್ಲಪ್ಪನವರು ತಕ್ಕಡಿ ಗುರುತಿನ ಕಡೆ. ಅವರ ಅಪ್ಪನೂ ಅಷ್ಟೆ, ಯಾವ ಕಡೆ ಕೈ ತೋರಿಸಿದರೆ ಆ ಕಡೆ ಇಡೀ ಊರು ಓಟು ಹಾಕುವುದು ವಾಡಿಕೆ. ಈ ಸಲ ಮಾತ್ರ ಒಂದು ತೊಡಕು ಬಂದಿತ್ತು. ರತ್ನಮ್ಮ ನರ್ಸು ಚುನಾವಣೆಗೆ ನಿಂತುಬಿಟ್ಟಿದ್ದರು.

ರತ್ನಮ್ಮ ಇಪ್ಪತ್ತು ವರ್ಷ ನಮ್ಮ ಬೆಟ್ಟದ ಮೇಲೆ ಹೆರಿಗೆ ಮಾಡಿಸಿದ ಸರ್ಕಾರಿ ನರ್ಸು. ಕರಿ ಕೊಡೆ ಹಿಡಿದು, ಕಾಡುದಾರಿಯಲ್ಲಿ ಆನೆ ಲದ್ದಿ ದಾಟಿಕೊಂಡು ನಡೆದೇ ಬರೋರು. ನಮ್ಮ ಕೇರಿಯಲ್ಲಿ ನೀರು ಕುಡಿದು, ಅದೇ ಕಾಲಲ್ಲಿ ಮೇಗಲ ಕೇರಿಗೂ ಹೋಗೋರು. ಮೇಗಲ ಕೇರಿ ಅಂದರೆ ಯಜಮಾನರ ಬಳಗ, ಹಣೆ ತುಂಬ ವಿಭೂತಿ ಇಟ್ಟುಕೊಳ್ಳುವ ಶಿವಭಕ್ತರ ಮನೆಗಳು. ಬೇರೆ ಯಾರಾದರೂ ನಮ್ಮಲ್ಲಿ ನೀರು ಕುಡಿದು ಅಲ್ಲಿಗೆ ಹೋಗಿದ್ದರೆ ಹೊಸ್ತಿಲು ದಾಟಿಸುತ್ತಿರಲಿಲ್ಲ. ಆದರೆ ಹೆರಿಗೆ ನೋವು ಬಂದಾಗ ಮಡಿ ನೋಡುವವರು ಯಾರು? ರಿಟೈರಾದ ಮೇಲೆ, ಬೆಟ್ಟದ ಮೇಲೊಂದು ಹೆರಿಗೆ ಆಸ್ಪತ್ರೆ ಬೇಕು ಅಂತ ಅರ್ಜಿ ಹಾಕಿ ಹಾಕಿ ಸೋತು, ಸಿಟ್ಟಿಗೆದ್ದು ಪಕ್ಷೇತರರಾಗಿ ನಿಂತರು. ಗುರುತು ಸಿಕ್ಕಿದ್ದೂ ಕೊಡೆಯೇ.

ಯಜಮಾನರು ನಮ್ಮ ಕೇರಿಯ ಗಂಡಸರನ್ನೆಲ್ಲ ಗುಡಿ ಮುಂದೆ ಕರೆಸಿ, ವಿಭೂತಿ ಗಟ್ಟಿ ಮುಟ್ಟಿಸಿ, ತಕ್ಕಡಿಗೇ ಓಟು ಅಂತ ಆಣೆ ಹಾಕಿಸಿದರು. ಮಾತು ತಪ್ಪಿದರೆ ವಾರಕ್ಕೆ ಕೊಟ್ಟ ಹೊಲ ಬಿಡಿಸಿಕೊಳ್ಳುತ್ತೇನೆ, ರಾಗಿ ಕುಯ್ಯಲು ಒಬ್ಬರೂ ಕಾಲಿಡಬಾರದು ಅಂದರು. ವಾರ ಅಂದರೆ ಹೊಲ ಅವರದು, ಬೆವರು ನಮ್ಮದು, ಬೆಳೆ ಅರ್ಧ ಅರ್ಧ. ನನ್ನ ಗಂಡ ಮಾದಯ್ಯನೂ ಆಣೆ ಇಟ್ಟ. ಕಲ್ಲು ಕಿತ್ತು, ಮುಳ್ಳು ಸವರಿ, ನಾಲ್ಕು ವರ್ಷ ಮೈ ಮುರಿದು ನಾವು ಹದ ಮಾಡಿದ ಹೊಲ ಅದು. ವರ್ಷದ ಮುದ್ದೆ ಅದರಲ್ಲೇ ನಿಂತಿತ್ತು.

ಹೆಂಗಸರನ್ನು ಮಾತ್ರ ಯಾರೂ ಕರೆಯಲಿಲ್ಲ. ಗಂಡಸು ಆಣೆ ಇಟ್ಟರೆ ಮನೆಯೇ ಇಟ್ಟಂತೆ ಅನ್ನುವ ಲೆಕ್ಕ ಅವರದು. ಇನ್ನೊಂದು ಜಾಣತನವನ್ನೂ ಮಾಡಿದ್ದರು. ನಮ್ಮ ಮನೆ ಹೆಂಗಸರು ಕೂಲಿಯವರ ಗಂಡಸರ ಸಾಲಿನಲ್ಲಿ ನಿಲ್ಲುವುದಿಲ್ಲ ಅಂತ ಹಟ ಹಿಡಿದು, ಹೆಂಗಸರಿಗೇ ಬೇರೆ ಬೂತು, ಬೇರೆ ಪೆಟ್ಟಿಗೆ ಹಾಕಿಸಿದ್ದರು. ಓಟಿನ ದಿನ ಎರಡು ಕೇರಿಯ ಹೆಂಗಸರೂ ಒಂದೇ ಸಾಲು. ಆಗ ಚೀಟಿಯ ಕಾಲ, ಇದ್ದ ಒಂದೇ ರಬ್ಬರು ಮುದ್ರೆಯನ್ನು ಒಬ್ಬರಾದ ಮೇಲೆ ಒಬ್ಬರು ತೆಗೆದುಕೊಂಡು ಗುರುತಿನ ಮೇಲೆ ಒತ್ತಬೇಕಿತ್ತು. ನನ್ನ ಹಿಂದೆಯೇ ಯಜಮಾನರ ತಾಯಿ ದೇವೀರಮ್ಮ, ಎಪ್ಪತ್ತು ದಾಟಿದ ಮುದುಕಿ. ಸೆರಗು ತಾಗದಂತೆ ನನ್ನಿಂದ ಒಂದು ಮಾರು ದೂರ ನಿಂತಿದ್ದರು. ನಾನೂ ಬೇಕೆಂದೇ ಹಿಂದೆ ಸರಿಯುತ್ತಿದ್ದೆ, ಅವರು ಇನ್ನಷ್ಟು ಹಿಂದೆ ಹೋಗುತ್ತಿದ್ದರು. ನಾನೇನು ಒಳ್ಳೆಯವಳಲ್ಲ.

ರತ್ನಮ್ಮನವರ ಕಡೆಯಿಂದ ಎಣಿಕೆಗೆ ಕೂರಲು ಓದು ಬಲ್ಲವರು ಬೇಕಾಗಿತ್ತು. ನಾನು ಹೋಗುತ್ತೇನೆ ಅಂದೆ. ಮಾದಯ್ಯ ಒಂದು ದಿನ ಕುಡುಗೋಲು ಮಸೆಯುತ್ತಾ ಕೂತ. ಆಮೇಲೆ, ನಾನು ಕೊಟ್ಟ ಮಾತು ಉಳಿಸಿದ್ದೀನಿ, ನಿನ್ನ ಬಾಯಿ ನನ್ನ ಕೈಯಲ್ಲಿಲ್ಲ, ಹೋಗು ಅಂದ.

ಹಾಸನೂರು

ಬಸ್ಸು ಹತ್ತಿದರೆ ನನ್ನ ಮುಂದಿನ ಸೀಟಿನಲ್ಲೇ ಯಜಮಾನರ ತಮ್ಮ ಬಸವರಾಜು. ಅವನು ತಕ್ಕಡಿಯ ಏಜೆಂಟು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಹೊಸ ನೋಟ್‌ಬುಕ್ಕು. ನನ್ನನ್ನು ನೋಡಿ ನೋಡದವನ ಹಾಗೆ ಕೂತ.

ಹಾಸನೂರಿನಲ್ಲಿ ಟೀ ಕುಡಿಯಲು ಬಸ್ಸು ನಿಂತಿತು. ಅವನಿಗೆ ಗಾಜಿನ ಲೋಟ, ನನಗೆ ತೆಂಗಿನ ಚಿಪ್ಪು. ಆ ಅಂಗಡಿಯ ರಿವಾಜು ಅದು. ನಾನು ಚಿಪ್ಪನ್ನು ಮುಟ್ಟದೆ ಬೆಂಚಿನ ಮೇಲೇ ಬಿಟ್ಟು ಬಂದೆ. ಟೀ ಇಲ್ಲದೆ ಸತ್ತವರುಂಟೇ?

ಬಸವರಾಜು ಟೀ ಹೀರುತ್ತಾ, ಈ ಸಲ ಪೆಟ್ಟಿಗೆ ಪೆಟ್ಟಿಗೆಯಾಗಿ ಬೇರೆ ಬೇರೆ ಎಣಿಸುತ್ತಾರೆ ಗೊತ್ತಾ ಅಂದ. ಯಾವ ಊರು ಯಾರಿಗೆ ಹಾಕಿತು ಅನ್ನುವುದು ಒಂದೂ ಬಿಡದೆ ತಿಳಿಯುತ್ತದಂತೆ. ಹಾಗಂದು ಹೊಸ ನೋಟ್‌ಬುಕ್ಕನ್ನು ತೊಡೆಯ ಮೇಲೆ ಎರಡು ಸಲ ತಟ್ಟಿದ. ನಾನು ಮೇಲೆ ನಕ್ಕೆ. ಒಳಗೊಳಗೇ ಹೆಂಗಸರ ಓಟು ಎಣಿಸತೊಡಗಿದೆ. ಹೆಂಗಸರ ಪೆಟ್ಟಿಗೆಯಲ್ಲಿ ನಮ್ಮ ಕೇರಿಯ ಓಟು ಯಾವ ಕಡೆ ಹೋಗಿದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಬಯಲಾದರೆ ನಮ್ಮ ಹೊಲ ಹೋಯಿತು ಅಂತಲೇ ಲೆಕ್ಕ.

ಇಪ್ಪತ್ತೇಳು ತಿರುವು

ದಿಂಬದಿಂದ ಇಳಿಯುವಾಗ ಮೊದಲ ಆರು ತಿರುವಿನವರೆಗೆ ನಾನು ಮಹಾರಾಣಿ. ಏಳನೆಯದಕ್ಕೆ ಹೊಟ್ಟೆ ಬಾಯಿಗೆ ಬಂತು. ಕಿಟಕಿಯಿಂದ ತಲೆ ಹೊರಗೆ ಹಾಕಿದವಳು ಮತ್ತೆ ಒಳಗೆ ತೆಗೆದದ್ದು ಬಣ್ಣಾರಿ ಅಮ್ಮನ ಗುಡಿ ಬಂದಾಗಲೇ. ಎಣಿಕೆಗೆಂದೇ ಎತ್ತಿಟ್ಟಿದ್ದ ಹಸಿರು ಸೀರೆ ಹಾಳಾಯಿತು. ಬಸವರಾಜು ತಿರುಗಿ ನೋಡಿ, "ಏನಮ್ಮಿ, ಓಟು ಎಣಿಸೋಕ್ ಮುಂಚೆನೇ ಎಲ್ಲಾನೂ ಕಕ್ಕಬುಟ್ಟ್ಯಾ?" ಅಂತ ಬಸ್ಸಿಗೆಲ್ಲ ಕೇಳುವ ಹಾಗೆ ಅಂದ. ಎಲ್ಲರೂ ನಕ್ಕರು. ಕಂಡಕ್ಟರು ಒಬ್ಬನೇ ನಗದೆ ನಿಂಬೆಹಣ್ಣು ಕೊಟ್ಟ. ಕೆಳದೇಶದ ಜನರಲ್ಲಿ ನನಗೆ ಮೊದಲು ಇಷ್ಟವಾದವನು ಅವನೇ.

ಕೆಳಗಿನ ಪೇಟೆ

ಸತ್ಯಮಂಗಲದಲ್ಲಿ ಬಸ್ಸು ಬದಲಿಸಿ ಎಣಿಕೆ ನಡೆಯುವ ಪೇಟೆ ತಲುಪಿ, ರತ್ನಮ್ಮನವರ ನಾದಿನಿಯ ಮನೆಯಲ್ಲಿ ತಂಗಿದೆ. ಆ ದೇಶದ ಜನ ಒಂದು ವಿಚಿತ್ರ. ಬೆಳಿಗ್ಗೆ ಎದ್ದರೆ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಮೊಳದುದ್ದ ಎತ್ತಿ ಎತ್ತಿ ಸುರಿಯುತ್ತಾರೆ. ಅಷ್ಟು ಹೊತ್ತಿನಲ್ಲಿ ನಾವು ಒಂದು ಸಾಲು ಕಳೆ ಕಿತ್ತಿರುತ್ತೇವೆ. ಊಟಕ್ಕೆ ಕೂತರೆ ಅನ್ನ, ಮತ್ತೆ ಅನ್ನ, ಮತ್ತೂ ಅನ್ನ. ಎಲೆ ತುಂಬ ಉಂಡರೂ ಹೊಟ್ಟೆ ಖಾಲಿ ಖಾಲಿ. ಮುದ್ದೆ ಇಲ್ಲವೇ ಅಂತ ಕೇಳಿದೆ. ಆ ಮನೆಯಾಕೆ, ಪಾಪ ಒಳ್ಳೆಯವಳು, ನಿಮಗೆ ಹುಷಾರಿಲ್ಲವಾ ಅಂತ ನನ್ನ ಹಣೆ ಮುಟ್ಟಿ ನೋಡಿದಳು. ಅವರಲ್ಲಿ ರಾಗಿ ಕಾಯಿಲೆಯವರಿಗೆ ಕಾಸುವ ಗಂಜಿಯಂತೆ! ಆದರೆ ಒಂದೇ ಕೊಡದಿಂದ ನನಗೂ ನೀರು ಬಗ್ಗಿಸಿ ಕೊಟ್ಟಳು, ನಾನು ಯಾವ ಕೇರಿ ಅಂತ ಕೇಳಲಿಲ್ಲ. ಅದನ್ನೂ ಬರೆಯಬೇಕು.

ಎಣಿಕೆ ನಡೆಯುವ ಕಟ್ಟಡದ ಗೇಟಿನಲ್ಲಿ ಪೊಲೀಸಿನವನು ನನ್ನ ಸೀರೆ ನೋಡಿ, ಕಸ ಗುಡಿಸುವವರು ಹಿಂದಿನ ಬಾಗಿಲಿಗೆ ಹೋಗಿ ಅಂದ. ನಾನು ಪಾಸು ತೆಗೆದು ಅವನ ಮೂಗಿನ ಕೆಳಗೆ ಹಿಡಿದೆ. ಅವನು ಪಾಸನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಪಾಸನ್ನು ನೋಡಿದ. ಹಿಂದಿನ ಬಾಗಿಲಿನಿಂದಲೇ ಹೋಗಿಬಿಡಿ, ಅದೂ ಒಳಗೇ ಹೋಗುತ್ತದೆ ಅಂತ ರಾಜಿಗೆ ಬಂದ. ಆಗುವುದಿಲ್ಲ ಅಂತ ಅಲ್ಲೇ ನಿಂತೆ. ನನ್ನ ಹಿಂದೆ ಪಂಚೆಯವರ ಸಾಲು ಬೆಳೆಯಿತು, ಬೈಗುಳ ಶುರುವಾಯಿತು. ನಾನು ಅಲ್ಲಾಡಲಿಲ್ಲ. ಕಡೆಗೆ ಒಬ್ಬ ಆಫೀಸರು ಬಂದು, ಬಿಡಯ್ಯಾ ಅವರನ್ನ ಅಂದರು. ಮುಂದಿನ ಬಾಗಿಲಿನಿಂದಲೇ ಹೋದೆ.

ಬಲೆಯ ಈಚೆ

ಒಳಗೆ ಉದ್ದುದ್ದ ಮೇಜು, ಮೇಜಿನ ಮುಂದೆ ಕೋಳಿಗೂಡಿಗೆ ಹಾಕುವಂಥ ತಂತಿ ಬಲೆ. ಎಣಿಸುವವರು ಆಚೆ, ನಾವು ಏಜೆಂಟರು ಈಚೆ. ನನ್ನ ಎಡಕ್ಕೆ ಬಸವರಾಜು, ಬಲಕ್ಕೆ ಕೆಳದೇಶದ ಒಬ್ಬ ಹಿರಿಯ. ಅವರು ಪೆಟ್ಟಿಗೆ ತೆರೆಯುವ ಮೊದಲೇ ಪೆನ್ಸಿಲಿನಲ್ಲಿ ಫಲಿತಾಂಶ ಬರೆದುಕೊಂಡು ಬಂದಿದ್ದರು. ಈ ಊರಲ್ಲಿ ಈ ಜಾತಿ ಇಷ್ಟು ಮನೆ, ಆದ್ದರಿಂದ ಈ ಗುರುತಿಗೆ ಇಷ್ಟು. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ, ಮನೆಯ ದೊಡ್ಡವರು ತಿರುಗಿದ ಕಡೆ ಮನೆ, ಊರ ದೊಡ್ಡವರು ತಿರುಗಿದ ಕಡೆ ಊರು, ಇದರಲ್ಲಿ ಎಣಿಸುವುದಕ್ಕೇನಿದೆ ಅಂತ ತಮಿಳಿನಲ್ಲಿ ನನಗೆ ಪಾಠ ಹೇಳಿದರು. ಸುಮಾರು ಊರುಗಳಲ್ಲಿ ಅವರ ಪೆನ್ಸಿಲು ಸರಿಯಾಗಿಯೇ ಇತ್ತು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮೂರ ಗಂಡಸರ ಪೆಟ್ಟಿಗೆ ಮೊದಲು ಬಂತು. ಐವತ್ತು ಐವತ್ತರ ಕಟ್ಟು ಕಟ್ಟಿ ಗುರುತಿನ ಪ್ರಕಾರ ಜೋಡಿಸಿದರು. ತಕ್ಕಡಿಗೆ ರಾಶಿ, ಕೊಡೆಗೆ ಒಂದು ಕಟ್ಟೂ ಪೂರ್ತಿ ಆಗಲಿಲ್ಲ. ನಮ್ಮ ಗಂಡಸರು ಆಣೆ ಉಳಿಸಿದ್ದರು. ಬಸವರಾಜು ಅದನ್ನು ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದ.

ಆಮೇಲೆ ಹೆಂಗಸರ ಪೆಟ್ಟಿಗೆ ಬಂತು. ಎಣಿಸುವವನು ಸ್ಪಂಜಿಗೆ ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ಬಿಡಿಸುತ್ತಿದ್ದ. ಕೊಡೆ, ಕೊಡೆ, ತಕ್ಕಡಿ, ಕೊಡೆ. ನಾನು ಬಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಕೊಡೆಗೆ ಒಂದು ಕಟ್ಟಾಯಿತು, ಎರಡಾಯಿತು. ಇಲ್ಲಿಗೆ ನಮ್ಮ ಕೇರಿ ಮುಗಿಯಿತು ಅಂದುಕೊಂಡೆ. ನಮ್ಮ ಕೇರಿಯ ಓಟಿನ ಹೆಂಗಸರೆಲ್ಲ ಸೇರಿದರೂ ಎರಡು ಕಟ್ಟು ತುಂಬುವುದೇ ಕಷ್ಟ. ಆದರೆ ಮೂರನೆಯ ಕಟ್ಟಾಯಿತು. ನಾಲ್ಕನೆಯದೂ ಆಯಿತು, ಅದರ ಮೇಲೂ ಒಂದಷ್ಟು ಬಿಡಿ ಉಳಿಯಿತು. ನಾನು ಬೆರಳು ಮಡಿಚಿ ಮತ್ತೆ ಮತ್ತೆ ಎಣಿಸಿದೆ. ಅಯ್ಯೋ ಶಿವನೇ, ಇವು ಎಲ್ಲಿಂದ ಬಂದವು? ಆಕಾಶದಿಂದ ಉದುರಿದವಾ? ಮೇಗಲ ಕೇರಿಯ ಹೆಂಗಸರು ಯಾರಿಗೂ ಹೇಳದೆ, ನಮಗೂ ಹೇಳದೆ, ಅರ್ಧಕ್ಕಿಂತ ಜಾಸ್ತಿ ಕೊಡೆಗೆ ಒತ್ತಿದ್ದರು. ಎರಡು ಕೇರಿಯ ಹೆಂಗಸರು ಯಾವತ್ತೂ ಒಂದು ಚಾಪೆಯ ಮೇಲೆ ಕೂತವರಲ್ಲ. ಪೆಟ್ಟಿಗೆಯ ಒಳಗೆ ಮಾತ್ರ ಒಂದರ ಮೇಲೊಂದು ಮಲಗಿದ್ದರು. ನನಗೆ ಅಳು ಬಂತು, ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಬಲಗಡೆಯ ಹಿರಿಯರು ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, ಇದು ಯಾವ ಜಾತಿ ಅಂತ ಕೇಳಿದರು. ಹೆತ್ತ ಹೆಂಗಸರ ಜಾತಿ ಅಂದೆ.

ಅಷ್ಟರಲ್ಲಿ ಎಣಿಸುವವನು ಒಂದು ಚೀಟಿಯನ್ನು ಆಫೀಸರ ಕಡೆ ಎತ್ತಿ ಹಿಡಿದ. ಅದರಲ್ಲಿ ರಬ್ಬರು ಮುದ್ರೆಯೇ ಇರಲಿಲ್ಲ. ಕೊಡೆಯ ಚಿತ್ರದ ಮೇಲೆ ಬೂದಿಯ ಮೂರು ಬೆರಳ ಗೆರೆ ಎಳೆದಿತ್ತು, ದೇವರ ಪಟಕ್ಕೆ ವಿಭೂತಿ ಇಡುತ್ತಾರಲ್ಲ ಹಾಗೆ. ಮುದ್ರೆ ಇಲ್ಲದ ಓಟು ಲೆಕ್ಕಕ್ಕಿಲ್ಲ ಅಂತ ಆಫೀಸರು ಪಕ್ಕಕ್ಕೆ ಹಾಕಿದರು. ನಾನು ಬಸವರಾಜುವಿನ ಮುಖ ನೋಡಿದೆ. ಅವನ ಪೆನ್ನು ನಿಂತುಹೋಗಿತ್ತು. ನಡುವಿನ ಗೆರೆ ಅರ್ಧಕ್ಕೇ ಮುಗಿದಿತ್ತು. ಅವನ ತಾಯಿ ದೇವೀರಮ್ಮನ ನಡುಬೆರಳಿನ ತುದಿ ಯಾವಾಗಲೋ ಮೇವು ಕತ್ತರಿಸುವಾಗ ಹೋಗಿದ್ದು ಇಡೀ ಊರಿಗೇ ಗೊತ್ತು.

ಸಂಜೆಗೆ ರತ್ನಮ್ಮ ಸೋತರು. ಬರೀ ಸೋಲಲ್ಲ, ಠೇವಣಿಯೂ ಹೋಯಿತು. ಕೆಳದೇಶದ ಊರುಗಳಲ್ಲಿ ಅವರ ಕೊಡೆಯನ್ನು ಕೇಳುವವರೇ ಇರಲಿಲ್ಲ. ಅವರು ನನ್ನ ಕೈ ಹಿಡಿದು, ಮೇಲಿನ ಹೆಂಗಸರ ಪೆಟ್ಟಿಗೆ ಹೇಗಾಯಿತು ಅಂತ ಒಂದೇ ಕೇಳಿದರು. ಹೇಳಿದೆ. ಹಾಗಾದರೆ ಸರಿ ಅಂದು ಕೊಡೆ ಬಿಚ್ಚಿಕೊಂಡು ಬಿಸಿಲಿಗೆ ಇಳಿದರು.

ಮತ್ತೆ ಮೇಲಕ್ಕೆ

ಮಾರನೆಯ ದಿನ ಅದೇ ಬಸ್ಸು. ಈ ಸಲ ಬಸವರಾಜು ನನ್ನ ಪಕ್ಕದ ಸಾಲಿನಲ್ಲೇ ಕೂತ. ಹತ್ತನೇ ತಿರುವಿಗೆ ಅವನ ಬಣ್ಣ ಕೆಟ್ಟಿತು, ಹನ್ನೆರಡನೆಯದಕ್ಕೆ ಇಸ್ತ್ರಿ ಷರ್ಟು ಕೆಟ್ಟಿತು. ನಾನು ಉಳಿಸಿಕೊಂಡಿದ್ದ ಅರ್ಧ ನಿಂಬೆಹಣ್ಣು ಕೊಟ್ಟೆ. ಕಕ್ಕಬುಟ್ಟ್ಯಾ ಅಂತ ಕೇಳುವ ಆಸೆ ನಾಲಿಗೆ ತುದಿಯಲ್ಲಿತ್ತು, ನುಂಗಿಕೊಂಡೆ. ಅವನು ಹಣ್ಣನ್ನು ನನ್ನ ಕೈಯಿಂದಲೇ ತೆಗೆದುಕೊಂಡು ಮೂಸಿದ. ಹೊಟ್ಟೆ ತೊಳೆಸುವಾಗ ಯಾವ ಕೇರಿ ನೆನಪಾಗುತ್ತದೆ?

ಹಾಸನೂರು ಬಂದಾಗ ಮೆತ್ತಗೆ, "ನಮ್ಮನೇವ್ಳೂ ಕೊಡೆಗೇ ಆಕಿರ್ತಾಳಾ?" ಅಂದ. ನನಗೇನು ಗೊತ್ತು, ಎರಡು ಹೆರಿಗೆಗೂ ಅವಳ ತಲೆದೆಸೆಯಲ್ಲಿ ಕೂತಿದ್ದವರು ಯಾರು, ನೀನಾ ರತ್ನಮ್ಮನಾ ಅಂದೆ. ಅವನು ಕಿಟಕಿಯ ಕಡೆ ತಿರುಗಿದ. ನಾನು ಹೆದರಿಕೆ ಬಿಟ್ಟಿದ್ದೆ ಅಂತ ಅಂದುಕೊಳ್ಳಬೇಡಿ. ಊರು ಹತ್ತಿರವಾದಷ್ಟೂ ಬಾಗಿದ ರಾಗಿ ತೆನೆಯೇ ಕಣ್ಣಿಗೆ ಕಟ್ಟುತ್ತಿತ್ತು.

ಜಗಲಿ

ಬಸ್ಸು ಇಳಿಯುತ್ತಿದ್ದಂತೆ ಯಜಮಾನರ ಮನೆಗೆ ಬರಬೇಕೆಂದು ಹೇಳಿ ಕಳಿಸಿದ್ದರು. ಜಗಲಿಯ ಮೇಲೆ ಶಿವಮಲ್ಲಪ್ಪನವರು, ಅಂಗಳದ ಬಿಸಿಲಿನಲ್ಲಿ ನಮ್ಮ ಕೇರಿಯ ಗಂಡಸರು, ಅವರ ನಡುವೆ ನನ್ನ ಮಾದಯ್ಯ. ತಕ್ಕಡಿ ಗೆದ್ದ ಸುದ್ದಿ ರೇಡಿಯೋದಲ್ಲಿ ಆಗಲೇ ಬಂದಿತ್ತು. ಆದರೂ ತಮ್ಮನಿಗೆ, ನೋಟ್‌ಬುಕ್ಕು ಓದು ಅಂದರು. ಬಸವರಾಜು ಗಂಡಸರ ಪೆಟ್ಟಿಗೆಯದ್ದು ಜೋರಾಗಿ ಓದಿದ, ಹೆಂಗಸರದ್ದು ತೊದಲುತ್ತಾ ಓದಿದ.

ಯಜಮಾನರಿಗೆ ಲೆಕ್ಕ ಹಾಕುವ ತಾಳ್ಮೆ ಇರಲಿಲ್ಲ. ಕೇರಿ ಹೆಂಗಸರು ಉಂಡ ಮನೆಗೆ ಎರಡು ಬಗೆದರು ಅಂದರು. ನಾಳೆಯಿಂದ ಯಾರೂ ಹೊಲಕ್ಕೆ ಇಳಿಯಬಾರದು, ರಾಗಿ ಕುಯ್ಯಲು ಬೇರೆ ಊರಿನಿಂದ ಆಳು ಬರುತ್ತಾರೆ, ಮಾದಯ್ಯನ ವಾರ ಇವತ್ತಿಗೆ ಮುಗಿಯಿತು ಅಂದರು. ಮಾದಯ್ಯ ತಲೆ ತಗ್ಗಿಸಿದ. ಅವನ ತಲೆ ತಗ್ಗಿದ್ದನ್ನು ನೋಡಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ.

ನಮ್ಮ ಗಂಡಸರು ವಿಭೂತಿ ಮುಟ್ಟಿ ಕೊಟ್ಟ ಮಾತು ಉಳಿಸಿದ್ದಾರೆ, ಪೆಟ್ಟಿಗೆಯೇ ಸಾಕ್ಷಿ ಅಂದೆ. ಆಣೆ ಕೇಳದೆ ಬಿಟ್ಟವರು ನೀವು, ನಾವು ಇಡದ ಆಣೆಯನ್ನು ಮುರಿಯುವುದು ಹೇಗೆ ಅಂದೆ. ಕೇರಿಯ ಹೆಂಗಸರು ಎಷ್ಟು, ಕೊಡೆಗೆ ಬಿದ್ದದ್ದು ಎಷ್ಟು, ತಮ್ಮನನ್ನು ಕೇಳಿ ಅಂದೆ. "ಮಿಕ್ಕಿದ್ದು ಯಾರ ಮನೇದು ಅಂತ ಉಡ್ಕಿ ಯಜಮಾನ್ರೇ. ಒಲ ಬುಡಿಸ್ಕೊಳೋದಾದ್ರೆ ಅವ್ರ ಮನೇದ್ರಿಂದ್ಲೇ ಸುರು ಮಾಡಿ."

ಯಜಮಾನರು ತಮ್ಮನ ಕಡೆ ನೋಡಿದರು, ಅವನು ನೋಟ್‌ಬುಕ್ಕು ನೋಡಿದ. ಬೂದಿ ಬಳಿದ ಚೀಟಿಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುದುಕಿಯ ಮಾನ ನನ್ನ ಬಾಯಲ್ಲಿ ಹೋಗಬಾರದು ಅಂದುಕೊಂಡೆ.

ಆದರೆ ಅವರಿಗೆ ನನ್ನ ದಯೆ ಬೇಕಿರಲಿಲ್ಲ. ಒಳಗಿನಿಂದ ಕೋಲೂರಿಕೊಂಡು ದೇವೀರಮ್ಮ ಹೊಸ್ತಿಲಿಗೆ ಬಂದು, ಮಗನನ್ನು ದಾಟಿ ನನ್ನನ್ನೇ ಕೇಳಿದರು.

"ನನ್ ಓಟು ಎಣಿಸುದ್ರಾ ಮಗ?"

ಸುಳ್ಳು ಹೇಳಬಹುದಿತ್ತು. ಇಲ್ಲ ಅವ್ವ, ಮುದ್ರೆ ಇರಲಿಲ್ಲ ಅಂತ ಪಕ್ಕಕ್ಕೆ ಹಾಕಿದರು ಅಂದೆ. ಅವರು ಸ್ವಲ್ಪ ಹೊತ್ತು ತಮ್ಮ ಮೊಂಡು ಬೆರಳು ನೋಡಿಕೊಂಡರು. ಆಮೇಲೆ ಎಲ್ಲರ ಮುಂದೆ ಹೇಳಿದರು.

"ನೀವೆಲ್ಲ ಮುಟ್ಟಿದ ಮುದ್ರೆ ಅಂತ ನಾ ಮುಟ್ನಿಲ್ಲ ಕಣವ್ವ. ಮಡಿ ಮಡಿ ಅಂತ ಓಟ್ನೇ ಕಳ್ಕಬುಟ್ಟೆ." ಆಮೇಲೆ ಮಗನ ಕಡೆ ತಿರುಗಿ, "ನಿನ್ ಎಂಡ್ರು ಎತ್ತಾಗ ಅವಳುಸ್ರು ಉಳ್ಸಿದ್ದು ಆ ನರ್ಸಮ್ಮ ಕಣ್ಲಾ. ಒಲ ಬುಡುಸ್ತೀಯಾ? ಬುಡ್ಸು. ಮೊದ್ಲು ನನ್ನ ಮನೆ ಬುಡ್ಸು" ಅಂದರು. ಬಾಗಿಲ ಸಂದಿಯಲ್ಲಿ ಸೊಸೆಯರ ಬಳೆ ಸದ್ದಾಯಿತು. ಅವರು ಯಾರೂ ಒಳಗೆ ಸರಿಯಲಿಲ್ಲ.

ಯಜಮಾನರು ಎದ್ದು ಹಿತ್ತಲಿಗೆ ಹೋದರು. ಹೊಲ ಬಿಟ್ಟುಕೊಟ್ಟೆ ಅನ್ನಲಿಲ್ಲ, ಬಿಡಿಸಿಕೊಂಡೆ ಅಂತಲೂ ಅನ್ನಲಿಲ್ಲ. ಮಾರನೆಯ ಬೆಳಿಗ್ಗೆ ನಾವು ಕುಡುಗೋಲು ಹಿಡಿದು ಹೊಲಕ್ಕೆ ಇಳಿದೆವು. ಯಾರೂ ಕರೆದಿರಲಿಲ್ಲ, ಯಾರೂ ತಡೆಯಲೂ ಇಲ್ಲ. ಬೇರೆ ಊರಿನ ಆಳು ಬರಲಿಲ್ಲ. ಮಾದಯ್ಯ ಮೊದಲ ಹಿಡಿ ತೆನೆ ಕುಯ್ದು ನನ್ನ ಕೈಗೆ ಕೊಟ್ಟು, ಪರದೇಶಕ್ಕೆ ಹೋಗಿ ಏನು ತಂದೆ ಅಂತ ಈಗ ಗೊತ್ತಾಯಿತು ಅಂದ.

ಎಲ್ಲ ಸರಿಹೋಯಿತು ಅಂತ ಬರೆಯಲಾರೆ. ಹೆರಿಗೆ ಆಸ್ಪತ್ರೆ ಬಂದಿಲ್ಲ. ಹಾಸನೂರಿನ ಚಿಪ್ಪು ಇನ್ನೂ ಬಹಳ ದಿನ ಇತ್ತು, ನಾನೂ ಬಹಳ ದಿನ ಅಲ್ಲಿ ಟೀ ಕುಡಿಯಲಿಲ್ಲ.

ಮುಂದಿನ ಚುನಾವಣೆ ಬಂದಾಗ ರತ್ನಮ್ಮ ನಿಂತಿರಲಿಲ್ಲ, ಕೊಡೆಯೂ ಇರಲಿಲ್ಲ. ಹೆಂಗಸರ ಬೂತಿನಲ್ಲಿ ನನ್ನ ಹಿಂದೆ ಮತ್ತೆ ದೇವೀರಮ್ಮ, ಸೊಸೆಯ ಹೆಗಲು ಹಿಡಿದು ನಿಂತಿದ್ದರು. ಈ ಸಲ ನಾನು ಹಿಂದೆ ಸರಿದು ಕಾಡಿಸಲಿಲ್ಲ. ನನ್ನ ಓಟು ಒತ್ತಿ ಬಂದು ಮುದ್ರೆಯನ್ನು ಮೇಜಿನ ಮೇಲೆ ಇಡಲು ಹೋದೆ. ಅವರು ತಡೆದು ಕೈ ಚಾಚಿದರು.

"ಅಲ್ಲಿ ಮಡುಗ್ಬ್ಯಾಡ, ಇಲ್ಲಿ ಕೊಡು" ಅಂದರು.

ನನ್ನ ಕೈಯಿಂದಲೇ ತೆಗೆದುಕೊಂಡು, ಮರೆಗೆ ಹೋಗಿ, ಒತ್ತಿ ಬಂದರು. ಯಾವ ಗುರುತಿಗೆ ಅಂತ ನಾನು ಇವತ್ತಿಗೂ ಕೇಳಿಲ್ಲ.